ಮಿದುಳಿನಲ್ಲಿ ರಕ್ತಸ್ರಾವ: ಹೆಪ್ಪಿನ ಸುತ್ತಲಿನ ಭಾಗ ಉಳಿಯುತ್ತದೆಯೇ?



ಲಕ್ವ ಅಥವಾ ಸ್ಟ್ರೋಕ್‌ನಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಂಡು ಆಗುವುದು ಒಂದು. ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಎರಡನೆಯದು ಕಡಿಮೆ ಜನರಿಗೆ ಬರುತ್ತದೆ, ಆದರೆ ಹೆಚ್ಚು ಅಪಾಯಕಾರಿ. ಇದಕ್ಕೆ ಮುಖ್ಯ ಕಾರಣ ಹತೋಟಿಯಲ್ಲಿಲ್ಲದ ಬಿಪಿ.

*ಒಳಗೆ ಏನಾಗುತ್ತದೆ?*

ಮಿದುಳಿನ ತೂಕ ದೇಹದ ಸುಮಾರು ಶೇ. 2 ಮಾತ್ರ. ಆದರೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಸೋರಿದ ರಕ್ತ ಹೆಪ್ಪುಗಟ್ಟಿ ಅಕ್ಕಪಕ್ಕದ ಭಾಗವನ್ನು ಒತ್ತುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಹೆಪ್ಪು ಇನ್ನೂ ದೊಡ್ಡದಾಗಬಹುದು. ನಂತರದ ದಿನಗಳಲ್ಲಿ ಸುತ್ತಲೂ ಊತ ಬರುತ್ತದೆ. ಸ್ಕ್ಯಾನ್ ಮಾಡಿ ನೋಡಿದರೆ ಹೆಪ್ಪಿನ ಸುತ್ತ ರಕ್ತದ ಹರಿವು ಕಡಿಮೆ ಇರುವುದು ಕಾಣುತ್ತದೆ.

*ಹರಿವು ಕಡಿಮೆ ಇರುವಾಗ ಬಿಪಿ ಇಳಿಸಬಹುದೇ?*

ಐಸಿಯು ಹೊರಗೆ ಕೂತ ಮನೆಯವರಿಗೆ ಈ ಭಯ ಸಹಜ. ವೈದ್ಯರಿಗೂ ಬಹಳ ವರ್ಷ ಇದೇ ಅನುಮಾನವಿತ್ತು. 2001ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನಗಳು ಒಂದು ಸಂಗತಿ ತೋರಿಸಿದವು: ಆ ಭಾಗಕ್ಕೆ ರಕ್ತ ಕಡಿಮೆ ಹೋಗುತ್ತಿದೆ, ಆದರೆ ಪೆಟ್ಟು ತಿಂದ ಆ ಭಾಗ ಆಮ್ಲಜನಕವನ್ನೂ ಕಡಿಮೆ ಬಳಸುತ್ತಿದೆ. ಗದ್ದೆಯಲ್ಲಿ ಬೆಳೆ ಕಡಿಮೆ ಇದ್ದಾಗ ಕಾಲುವೆಗೆ ನೀರು ಕಡಿಮೆ ಬಿಟ್ಟ ಹಾಗೆ. 2013ರಲ್ಲಿ ಕೆನಡಾದ ವೈದ್ಯರು 75 ರೋಗಿಗಳನ್ನು ಪರೀಕ್ಷಿಸಿದಾಗ, ಮೇಲಿನ ಬಿಪಿಯನ್ನು 150ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡರೂ ಹೆಪ್ಪಿನ ಸುತ್ತಲಿನ ಹರಿವು ಅದರಿಂದ ಇನ್ನಷ್ಟು ಕುಗ್ಗಲಿಲ್ಲ.

ಆದ್ದರಿಂದಲೇ ಇಂದು ಬಹಳಷ್ಟು ರೋಗಿಗಳಲ್ಲಿ ಮೇಲಿನ ಬಿಪಿಯನ್ನು ಸುಮಾರು 140ಕ್ಕೆ ತರುವ ಗುರಿ ಇಡುತ್ತಾರೆ. ಅದಕ್ಕಿಂತ ತೀರಾ ಇಳಿಸಿದರೆ ಹೆಚ್ಚಿನ ಲಾಭವಿಲ್ಲ, ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಭಾರತವೂ ಸೇರಿ 10 ದೇಶಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಬಿಪಿ, ಸಕ್ಕರೆ, ಜ್ವರ ಮೂರನ್ನೂ ಬೇಗ ಹತೋಟಿಗೆ ತಂದು, ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆಯ ಪ್ರಭಾವವನ್ನೂ ತೆಗೆದರೆ ರೋಗಿಗಳು ಹೆಚ್ಚು ಚೇತರಿಸಿಕೊಳ್ಳುತ್ತಾರೆ ಎಂದು ಅದು ತೋರಿಸಿತು.

*ಮನೆಯಲ್ಲಿ ನೀವು ಮಾಡಬಾರದ್ದು*

• ಬಿಪಿ ಮಾತ್ರೆ ನಾಲಿಗೆ ಕೆಳಗೆ ಇಡಬೇಡಿ. ರಕ್ತನಾಳ ಕಟ್ಟಿದ ಸ್ಟ್ರೋಕ್ ಆಗಿದ್ದರೆ ಬಿಪಿ ದಿಢೀರ್ ಇಳಿದು ಹಾನಿಯಾಗುತ್ತದೆ. ಯಾವ ಬಗೆ ಎಂದು ಸ್ಕ್ಯಾನ್ ಮಾತ್ರ ಹೇಳಬಲ್ಲದು.
• ಆಸ್ಪಿರಿನ್ ಕೊಡಬೇಡಿ. ರಕ್ತಸ್ರಾವವಾಗಿದ್ದರೆ ಅದು ಅಪಾಯ.
• ನೀರು, ಕಾಫಿ ಕುಡಿಸಬೇಡಿ. ಶ್ವಾಸನಾಳಕ್ಕೆ ಹೋಗಬಹುದು.
• ಸೂಜಿಯಿಂದ ಬೆರಳ ತುದಿ ಚುಚ್ಚಿ ರಕ್ತ ತೆಗೆಯಿರಿ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ಸುಳ್ಳು, ಅಮೂಲ್ಯ ಸಮಯ ಹಾಳು.

*ಮಾಡಬೇಕಾದ್ದು*

• ಬಾಯಿ ಸೊಟ್ಟಗಾದರೆ, ಒಂದು ಕೈಕಾಲು ಸೋತರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದ ತಲೆನೋವಿನೊಂದಿಗೆ ವಾಂತಿ ಅಥವಾ ಮಂಪರು ಬಂದರೆ ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ.
• ಸಿ.ಟಿ. ಸ್ಕ್ಯಾನ್ 24 ಗಂಟೆಯೂ ಇರುವ ಆಸ್ಪತ್ರೆಗೇ ಹೋಗಿ. ನಿಮ್ಮ ಏರಿಯಾದಲ್ಲಿ ಅಂಥದ್ದು ಯಾವುದು ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.
• ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಹೇಳಿ. ಮಾತ್ರೆಗಳ ಚೀಟಿ ಒಯ್ಯಿರಿ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ.

*ಹೊರನಾಡಿನಲ್ಲಿರುವ ನಮಗೆ ಇನ್ನೆರಡು ಮಾತು*

ನಿಮ್ಮ ಜೊತೆ ಇರುವ ಅತ್ತೆ, ಮಾವ, ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರೆ, ಡಾಕ್ಟರು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಕೇಳಿದಾಗ ಅವರು ಸುಮ್ಮನಿರುತ್ತಾರೆ. ಆ ಮೌನ ಭಾಷೆ ಬಾರದ್ದಕ್ಕೋ, ಮಾತೇ ನಿಂತದ್ದಕ್ಕೋ ಎಂದು ಡಾಕ್ಟರಿಗೆ ತಿಳಿಯುವುದು ಹೇಗೆ? ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲೇ ಇರಿ. "ಕೈ ಎತ್ತಮ್ಮ, ನಿನ್ನ ಹೆಸರು ಹೇಳಮ್ಮ" ಎಂದು ನೀವೇ ಕೇಳಿ, ಉತ್ತರ ಡಾಕ್ಟರಿಗೆ ಹೇಳಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ "ಬಿಪಿ ಮಾತ್ರೆ ಆಯ್ತಾ?" ಎಂದೂ ಕೇಳಿ. "ಈಗ ಆರಾಮಾಗಿದೀನಿ, ಬಿಟ್ಬಿಟ್ಟೆ" ಎಂದರೆ ಬಿಡಬೇಡಿ. ಆರಾಮಾಗಿರುವುದು ಆ ಮಾತ್ರೆಯಿಂದಲೇ. ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸುವಂತಿಲ್ಲ.

ಓದಿ, ನಿಮ್ಮ ಮನೆಯ ಗ್ರೂಪಿಗೂ ಕಳುಹಿಸಿ. ಎಲ್ಲರೂ ಆರೋಗ್ಯವಾಗಿರಿ. 🙏