ಈಗ ಔಷಧ ಬೇಡವೆಂದರೆ ಕೈಬಿಟ್ಟರೆಂದಲ್ಲ

ರಕ್ತದ ಕ್ಯಾನ್ಸರ್ ಇದೆ, ಸದ್ಯಕ್ಕೆ ಔಷಧ ಬೇಡ ಎಂದು ವೈದ್ಯರು ನುಡಿದರೆ ಮನೆಯವರು ಕೈಮೀರಿತೆಂದೇ ಭಾವಿಸಿ ಕಂಗೆಡುತ್ತಾರೆ. ವಾಲ್ಡೆನ್‌ಸ್ಟ್ರಾಮ್ ವ್ಯಾಧಿಯಲ್ಲಿ ಆ ಮಾತಿನ ಅರ್ಥವೇ ಬೇರೆ ಎಂಬುದನ್ನು ಸದ್ಭಕ್ತರಿಗೆ ತಿಳಿಸಬಯಸುತ್ತೇವೆ.

1944ರಲ್ಲಿ ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಾಮ್ ವಿವರಿಸಿದ ಈ ವಿರಳ ರೋಗ ಹೆಚ್ಚಾಗಿ ಹಿರಿಯರನ್ನು ಬಾಧಿಸುತ್ತದೆ, ಬಲು ನಿಧಾನವಾಗಿ ಬೆಳೆಯುತ್ತದೆ. ಅಸ್ಥಿಮಜ್ಜೆಯಲ್ಲಿನ ವಿಕೃತ ಕಣಗಳು ಐಜಿಎಂ ಎಂಬ ದೊಡ್ಡ ಗಾತ್ರದ ಪ್ರೋಟೀನನ್ನು ಮಿತಿಮೀರಿ ಉತ್ಪಾದಿಸುತ್ತವೆ. ಅದು ಹೆಚ್ಚಿದರೆ ರಕ್ತ ಪಾಕದಂತೆ ಮಂದವಾಗುತ್ತದೆ. ಮೂಗಿನಿಂದ ರಕ್ತ ಸೋರಿದರೆ, ದೃಷ್ಟಿ ಮಸುಕಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಮಾ ಬದಲಿಸಿ ರಕ್ತವನ್ನು ತಿಳಿಗೊಳಿಸುವ ವಿಧಾನವಿದೆ.

ಯಾವ ಲಕ್ಷಣವೂ ಇಲ್ಲದವರಿಗೆ ಮೊದಲೇ ಔಷಧ ಕೊಟ್ಟರೆ ಆಯುಸ್ಸು ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲ. ಔಷಧದ ಬಾಧೆಯಂತೂ ತಪ್ಪದು. ಆದುದರಿಂದಲೇ ಈ ಕಾಯುವಿಕೆ. ಹಲವರು ವರ್ಷಗಟ್ಟಲೆ ಹೀಗೆಯೇ ಇರುತ್ತಾರೆ. ಆದರೆ ಕೆಲವು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯೇ ಇಲ್ಲಿ ಚಿಕಿತ್ಸೆ; ಜಾತ್ರೆಗೆಂದೋ ಸುಗ್ಗಿಗೆಂದೋ ಅದನ್ನು ಮುಂದೂಡಲಾಗದು.

ರಕ್ತಹೀನತೆ, ಕೈಕಾಲು ಜೋಮು, ತೂಕನಷ್ಟ ಕಂಡಾಗ ವೈದ್ಯರು ರಿಟುಕ್ಸಿಮ್ಯಾಬ್ ಜೊತೆ ಬೆಂಡಾಮುಸ್ಟಿನ್ ಅಥವಾ ಇಬ್ರುಟಿನಿಬ್‌ನಂತಹ ಔಷಧ ಆರಿಸುತ್ತಾರೆ. ರಿಟುಕ್ಸಿಮ್ಯಾಬ್ ಆರಂಭಿಸಿದೊಡನೆ ಕೆಲವರಲ್ಲಿ ಐಜಿಎಂ ಏರುವುದುಂಟು. ಅದರಿಂದಲೇ ಔಷಧ ಸೋತಿತೆನ್ನಲಾಗದು. ರೋಗ ಬೇರುಸಹಿತ ಹೋಗುವುದಿಲ್ಲ, ಮರುಕಳಿಸುತ್ತದೆ, ಮತ್ತೆ ಹತೋಟಿಗೆ ಬರುತ್ತದೆ. ವಯಸ್ಸಾದ ಅನೇಕ ರೋಗಿಗಳ ಬದುಕು ಮುಗಿಯುವುದು ಬೇರಾವುದೋ ಕಾರಣದಿಂದ.