ಮಾರ್ಸೇಯ್ ಬಂದರದಿಂದ ಎಕ್ಸ್ ಪಟ್ಟಣಕ್ಕೆ: ಹಡಗು ತಪ್ಪದಂತೆ ಹೋಗಿಬರುವ ಬಗೆ



ಕ್ರೂಜ್ ಹಡಗಿನ ಜಾಹೀರಾತಿನಲ್ಲಿ ‘ಪ್ರೊವಾಂಸ್’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ನೇರಳೆ ಹೂವಿನ ಹೊಲದ ಚಿತ್ರ ಹಾಕಿರುತ್ತಾರೆ. ಹಡಗು ಹೂವಿನ ಹೊಲಕ್ಕೆ ಹೋಗುವುದಿಲ್ಲವಷ್ಟೆ. ಅದು ನಿಲ್ಲುವುದು ಹೆಚ್ಚಾಗಿ ಮಾರ್ಸೇಯ್ ಎಂಬ ಫ್ರಾನ್ಸಿನ ದೊಡ್ಡ ಬಂದರದಲ್ಲಿ. ಅದೂ ಊರ ನಡುವಿನ ಹಳೆಯ ಬಂದರದಲ್ಲಲ್ಲ. ಅಲ್ಲಿಂದ ಉತ್ತರಕ್ಕೆ ಸುಮಾರು ೮ ಕಿಲೋಮೀಟರು ದೂರ, ಕ್ರೇನು, ಕಂಟೇನರು, ತಂತಿಬೇಲಿಗಳ ನಡುವಿನ ಒಂದು ಧಕ್ಕೆಯಲ್ಲಿ. ಮುಂಬಯಿ ನೋಡಲು ಬಂದವನನ್ನು ಶಿವಡಿಯಲ್ಲಿ ಇಳಿಸಿ ‘ಗೇಟ್‌ವೇ ಇಲ್ಲೇ ಹತ್ತಿರ’ ಎಂದು ಹೇಳಿದ ಹಾಗೆ. ನೋಡಬೇಕಾದ ಪುಟ್ಟ ಪಟ್ಟಣ ಎಕ್ಸ್-ಆಂ-ಪ್ರೊವಾಂಸ್ ಅಲ್ಲಿಂದ ಇನ್ನೂ ಮೂವತ್ತು ಕಿಲೋಮೀಟರು ಒಳಗಿದೆ.

ಹಡಗಿನವರು ತಮ್ಮದೇ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ಇಲ್ಲವೆನ್ನಲಾರೆ. ಅದಕ್ಕೆ ತಲೆಗೆ ಇಷ್ಟು ಎಂದು ವಸೂಲು ಮಾಡುವ ಹಣ ಊರ ಬಸ್ಸಿನ ದರದ ಹಲವು ಪಟ್ಟು. ಆದರೆ ಆ ಹಣದಲ್ಲಿ ಕಣ್ಣಿಗೆ ಕಾಣದ ಒಂದು ವಿಮೆಯೂ ಸೇರಿರುತ್ತದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಮ್ಮ ಪಾಡಿಗೆ ನಾವು ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಸ್ವತಂತ್ರವಾಗಿ ಹೋಗುವುದೆಂದರೆ ಆ ವಿಮೆಯನ್ನು ಕಂಪನಿಯಿಂದ ಕೊಳ್ಳದೆ ನಾವೇ ಗಡಿಯಾರದ ಮೇಲೆ ಕಟ್ಟಿಕೊಳ್ಳುವುದು. ಹೇಗೆ ಕಟ್ಟಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ನಾನು ೨೦೨೪ರ ಮೇ ತಿಂಗಳಲ್ಲಿ ಸೋದರಮಾವ ಮತ್ತು ಅತ್ತೆಯ ಜೊತೆ ಇಂಥ ಹಡಗಿನಲ್ಲಿ ಹೋಗಿದ್ದೆ. ಮಾವ ಬ್ಯಾಂಕಿನಿಂದ ನಿವೃತ್ತರಾದ ಖುಷಿಯ ಪ್ರವಾಸ. ನನ್ನನ್ನು ಕರೆದೊಯ್ದದ್ದು ಬ್ಯಾಗು ಹೊರಲಿಕ್ಕೆ ಮತ್ತು ಪರಕೀಯರ ಜೊತೆ ಮಾತಾಡಲಿಕ್ಕೆ. ಎಕ್ಸ್‌ಗೆ ನಾವೇ ಹೋಗೋಣವೆಂದಾಗ ಮಾವ ಹುಬ್ಬು ಗಂಟು ಹಾಕಿದರು.

“ಅಲ್ಲೋ, ಹಡಗ ನಮ್ಮನ್ನ ಬಿಟ್ಟ ಹೋತಂದ್ರ ಈಸಿಗೋತ ಹೋಗೋದೇನು?”

“ಈ ಊರಾಗ ಹಡಗಿಂದ ದಂಡಿಗೆ ಈಸಿದವರದಾರ ಮಾಮಾ, ದಂಡಿಯಿಂದ ಹಡಗಿಗೆ ಈಸಿದವರು ಯಾರೂ ಇಲ್ಲ,” ಎಂದೆ.

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೧೦ರ ಜುಲೈ ೮ರಂದು ಬ್ರಿಟಿಷರ ಕೈದಿಯಾಗಿ ‘ಮೋರಿಯಾ’ ಹಡಗಿನಲ್ಲಿದ್ದ ವಿನಾಯಕ ದಾಮೋದರ ಸಾವರ್ಕರರು ಕಿಂಡಿಯಿಂದ ಹಾರಿ ಈಸಿ ದಡ ಸೇರಿದ್ದು ಇದೇ ಮಾರ್ಸೇಯ್‌ನಲ್ಲಿ. ಫ್ರೆಂಚ್ ಪೋಲೀಸನೊಬ್ಬ ಹಿಡಿದು ಹಡಗಿಗೇ ಒಪ್ಪಿಸಿದ. ಆ ಜಗಳ ಹೇಗ್‌ನ ಪಂಚಾಯಿತಿ ನ್ಯಾಯಾಲಯದವರೆಗೂ ಹೋಗಿ ೧೯೧೧ರಲ್ಲಿ ಬ್ರಿಟಿಷರ ಪರವಾಗಿ ತೀರ್ಪಾಯಿತು. ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೊರಟಾಗ ೧೯೩೧ರ ಸೆಪ್ಟೆಂಬರ್ ೧೧ರಂದು ‘ರಾಜಪುತಾನಾ’ ಹಡಗಿನಿಂದ ಇಳಿದದ್ದೂ ಇಲ್ಲಿಯೇ. ರೈಲು ಹಿಡಿದು ಮರುದಿನ ಲಂಡನ್ ಸೇರಿದರು. ಆ ಕಾಲಕ್ಕೆ ಬಲ್ಲಾರ್ಡ್ ಪಿಯರಿನಿಂದ ಹೊರಟವರಲ್ಲಿ ಅವಸರವುಳ್ಳವರು ಜಿಬ್ರಾಲ್ಟರ್ ಸುತ್ತುವ ಹಡಗನ್ನು ಮಾರ್ಸೇಯ್‌ನಲ್ಲೇ ಬಿಟ್ಟು ರೈಲು ಹತ್ತುತ್ತಿದ್ದರು. ಹಡಗಿನಿಂದ ಇಳಿದು ರೈಲು ಹುಡುಕುವುದು ಈ ಊರಿನಲ್ಲಿ ನಮ್ಮವರಿಗೆ ಹಳೆಯ ರೂಢಿ. ಅವರಿಗೆ ಹಡಗಿಗೆ ತಿರುಗಿ ಬರುವ ತಾಪತ್ರಯ ಇರಲಿಲ್ಲ, ಅಷ್ಟೇ. ನಮಗಿರುವುದು ಅದೊಂದೇ ತಾಪತ್ರಯ.

ಆದುದರಿಂದ ಲೆಕ್ಕವನ್ನು ಹೋಗುವ ಕಡೆಯಿಂದಲ್ಲ, ಬರುವ ಕಡೆಯಿಂದ ಹಿಡಿಯಬೇಕು. ಹಡಗು ಸಂಜೆ ೬ಕ್ಕೆ ಬಿಡುತ್ತದೆ ಎನ್ನಿ. ಎಲ್ಲರೂ ಹಡಗಿನೊಳಗಿರಬೇಕಾದ ಹೊತ್ತು ಅದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ. ೫-೩೦ ಎಂದು ಹಿಡಿಯೋಣ. ಅದು ಹಡಗಿನವರ ಗಡುವು. ನಮ್ಮ ಗಡುವು ಅದಕ್ಕೂ ಒಂದು ತಾಸು ಮೊದಲು, ೪-೩೦. ಊರಿನಿಂದ ಧಕ್ಕೆಗೆ ಬಸ್ಸು, ಅದಕ್ಕೆ ಸರದಿ, ಎರಡೂ ಸೇರಿ ಮುಕ್ಕಾಲು ತಾಸು. ಅಂದರೆ ೩-೪೫ಕ್ಕೆ ಜೋಲಿಯೆತ್ ಚೌಕದಲ್ಲಿರಬೇಕು. ಮೆಟ್ರೋ ಮತ್ತು ನಡಿಗೆಗೆ ಅರ್ಧ ತಾಸು ಕಳೆದರೆ ೩-೧೫ಕ್ಕೆ ಸ್ಯಾಂ ಶಾರ್ಲ್ ರೈಲು ನಿಲ್ದಾಣ. ಎಕ್ಸ್‌ನಿಂದ ಅಲ್ಲಿಗೆ ಬಸ್ಸು ದಾರಿ ಬಿಡುವಾಗಿದ್ದರೆ ನಲವತ್ತು ನಿಮಿಷದೊಳಗೆ ಬರುತ್ತದೆ; ಮಾರ್ಸೇಯ್ ಹೊಕ್ಕುವ ಹೆದ್ದಾರಿ ಕಟ್ಟಿಕೊಂಡರೆ ಒಂದು ತಾಸು. ಹಾಗಾಗಿ ೨-೧೫ಕ್ಕೆ ಎಕ್ಸ್ ಬಿಡಬೇಕು. ಬೆಳಿಗ್ಗೆ ೮ಕ್ಕೆ ಹಡಗು ಮುಟ್ಟಿದರೆ, ಇಳಿದು ಇದೇ ದಾರಿ ಹಿಡಿದು ಎಕ್ಸ್ ಸೇರುವ ಹೊತ್ತಿಗೆ ಹತ್ತೂವರೆ. ಕೈಗೆ ಸಿಗುವುದು ಮೂರು ಮುಕ್ಕಾಲು ತಾಸು. ಹತ್ತು ತಾಸು ಹಡಗು ನಿಂತರೂ ಊರು ದಕ್ಕುವುದು ಇಷ್ಟೇ! ಇದನ್ನು ಮೊದಲೇ ಕಾಗದದ ಮೇಲೆ ಬರೆದವನು ಅಲ್ಲಿ ಹೋಗಿ ಪೇಚಾಡುವುದಿಲ್ಲ.

ಮಾವ ಲೆಕ್ಕದ ಚೀಟಿಯನ್ನು ಬ್ಯಾಂಕಿನ ಲೆಡ್ಜರ್ ನೋಡುವ ಹಾಗೆ ನೋಡಿ ಒಂದು ಪ್ರಶ್ನೆ ಕೇಳಿದರು: “ಎರಡೂಕಾಲರ ಬಸ್ಸು ಬರಲೇ ಇಲ್ಲ ಅಂದ್ರ?” ಕೇಳಬೇಕಾದ ಪ್ರಶ್ನೆ ಇದೇ. ನಾವು ನೆಚ್ಚಿದ ಬಸ್ಸು ತಪ್ಪಿದರೆ ಅದರ ಹಿಂದಿನದರಲ್ಲಿ ಬಂದರೂ ಹಡಗು ಸಿಗಬೇಕು. ಬಸ್ಸೇ ನಿಂತುಹೋದರೆ ಬೇರೊಂದು ದಾರಿ ಇರಬೇಕು. ಎಕ್ಸ್‌ಗೆ ನಾನು ಒಪ್ಪಿದ್ದು ಈ ಎರಡಕ್ಕೂ ಅದರಲ್ಲಿ ಉತ್ತರವಿದೆ ಎಂದು. ಕೆಲಸದ ದಿನ ಬಸ್ಸು ಪದೇ ಪದೇ ಇರುತ್ತದೆ. ಅದಲ್ಲದೆ ಊರ ನಿಲ್ದಾಣದಿಂದ ಮಾರ್ಸೇಯ್‌ಗೆ ರೈಲೂ ಇದೆ, ಮುಕ್ಕಾಲು ತಾಸಿನ ದಾರಿ. ರಸ್ತೆ ಕಟ್ಟಿದರೆ ಹಳಿ, ಹಳಿ ಕೆಟ್ಟರೆ ರಸ್ತೆ.

ಇನ್ನು ದಾರಿ. ಧಕ್ಕೆಯಲ್ಲಿ ಇಳಿದೊಡನೆ ಬಸ್ಸು ನಿಂತಿರುತ್ತದೆ. ಕೆಲವು ಹಡಗಿನವರದು ಪುಕ್ಕಟೆ, ಕೆಲವರದು ದುಡ್ಡಿಗೆ. ಬಂದರದ ಒಳಗೆ ಮನಬಂದಲ್ಲಿ ನಡೆಯಲು ಬಿಡುವುದಿಲ್ಲ. ಗುರುತು ಹಾಕಿದ ಕಾಲುದಾರಿ ಹಿಡಿದು ಗೇಟು ದಾಟಿದರೆ ಊರ ಬಸ್ಸೂ ಸಿಗುತ್ತದೆ; ನಾವು ಹೋದಾಗ ಅದರ ನಂಬರು ೩೫, ಜೋಲಿಯೆತ್‌ನಿಂದ ಲೆಸ್ತಾಕ್‌ಗೆ ಓಡಾಡುವಂಥದು. ನಂಬರು ಬದಲಾಗುವ ವಸ್ತು, ಊರ ಹೆಸರು ಬದಲಾಗದು, ಹೆಸರನ್ನೇ ನೆನಪಿಡಿ. ಜೋಲಿಯೆತ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಉದ್ದನೆಯ ಗೋದಾಮು ಕಟ್ಟಡವಿದೆ. ೩೬೫ ಮೀಟರು ಉದ್ದ, ೫೨ ಬಾಗಿಲು, ೭ ಅಂತಸ್ತು, ೪ ಅಂಗಳ, ವರ್ಷದ ಪಂಚಾಂಗವೇ ಕಲ್ಲಾಗಿದೆ ಎಂದು ಊರವರು ಹೇಳಿಕೊಳ್ಳುತ್ತಾರೆ. ಅದರ ಹತ್ತಿರವೇ ಮೆಟ್ರೋ. ಎರಡನೆಯ ಲೈನಿನಲ್ಲಿ ಎರಡನೆಯ ನಿಲ್ದಾಣವೇ ಸ್ಯಾಂ ಶಾರ್ಲ್. ಹಡಗಿನ ಬಸ್ಸು ಹಳೆಯ ಬಂದರದಲ್ಲಿ ಇಳಿಸಿದರೂ ಚಿಂತೆಯಿಲ್ಲ, ಅಲ್ಲಿಂದ ಮೊದಲನೆಯ ಲೈನಿನಲ್ಲಿಯೂ ಅದು ಎರಡನೆಯದೇ.

ಸ್ಯಾಂ ಶಾರ್ಲ್ ಗುಡ್ಡದ ಮೇಲಿನ ನಿಲ್ದಾಣ. ಮುಂದೆ ೧೦೪ ಮೆಟ್ಟಿಲಿನ ಭಾರೀ ಸೋಪಾನ, ೧೯೨೦ರ ದಶಕದ್ದು. ಕೆಳಗೆ ಒರಗಿಕೊಂಡ ಎರಡು ಹೆಣ್ಣಿನ ಶಿಲ್ಪಗಳಿವೆ: ಒಂದು ಏಷ್ಯಾದ ವಸಾಹತುಗಳಂತೆ, ಇನ್ನೊಂದು ಆಫ್ರಿಕಾದವಂತೆ. ಮೇಲೆ ರೈಲು, ಕೆಳಗೆ ನಾವು! ಮೆಟ್ರೋದಲ್ಲಿ ಬಂದವನು ನೆಲದೊಳಗಿನಿಂದ ನೇರ ನಿಲ್ದಾಣಕ್ಕೇ ಏಳುವುದರಿಂದ ಇವು ಕಣ್ಣಿಗೆ ಬೀಳುವುದಿಲ್ಲ. ಬರುವಾಗ ಹತ್ತು ನಿಮಿಷ ಮಿಕ್ಕರೆ ಹೊರಗೆ ಬಂದು ನೋಡಿ. ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಬಸ್ ನಿಲ್ದಾಣವಿದೆ. ಮೊದಲು ‘ಬೋಂಜೂರ್’ ಅನ್ನಿ, ಆಮೇಲೆ ಟಿಕೇಟು ಕೇಳಿ. ನಮಸ್ಕಾರ ಹೇಳದೆ ಕೆಲಸದ ಮಾತೆತ್ತುವುದು ಫ್ರೆಂಚರಿಗೆ ಒರಟುತನವಾಗಿ ಕಾಣುತ್ತದೆ. ಹೋಗಿಬರುವ ಟಿಕೇಟಿಗೆ ‘ಅಲೇ-ರತೂರ್’ ಎನ್ನಬೇಕು. ಊರಿನ ಹೆಸರು ‘ಐಕ್ಸ್’ ಅಲ್ಲ, ‘ಎಕ್ಸ್’.

ಇಲ್ಲೊಂದು ಕುಣಿಯಿದೆ, ಎಚ್ಚರ. ಎಕ್ಸ್ ಹೆಸರಿನ ರೈಲು ನಿಲ್ದಾಣ ಎರಡು. ೨೦೦೧ರಲ್ಲಿ ವೇಗದ ರೈಲಿಗಾಗಿ ಕಟ್ಟಿದ ‘ಎಕ್ಸ್ ತೇಜೇವೇ’ ಊರಿನಿಂದ ಸುಮಾರು ೧೫ ಕಿಲೋಮೀಟರು ಆಚೆ ಬಯಲಿನಲ್ಲಿದೆ. ಬೋರ್ಡಿನಲ್ಲಿ ಹದಿನೈದೇ ನಿಮಿಷದ ಪ್ರಯಾಣ ಎಂದು ಕಂಡು ಆ ರೈಲು ಹತ್ತಿದವನಿಗೆ ಅಲ್ಲಿಂದ ಮತ್ತೆ ಬಸ್ಸಿನ ದಾರಿ ತಪ್ಪದು. ನಮಗೆ ಬೇಕಾದದ್ದು ‘ಎಕ್ಸ್ ಸಾಂತ್ರ್’, ಊರ ನಡುವಿನದು. ಎರಡನೆಯ ಕುಣಿ ವೇಳಾಪಟ್ಟಿ. ಭಾನುವಾರಕ್ಕೂ ರಜಾದಿನಕ್ಕೂ ಬೇರೆ ಪಟ್ಟಿ. ‘ದಿಮಾಂಶ್’ ಎಂದರೆ ಭಾನುವಾರ. ಮೇ ಒಂದರಂದು ಕಾರ್ಮಿಕರ ಹಬ್ಬ, ಅಂದು ಇಂಥ ಸಾಹಸ ಬೇಡ. ‘ಗ್ರೇವ್’ ಎಂಬ ಮಾತು ಬೋರ್ಡಿನ ಮೇಲೆ ಕಂಡರೆ ಅದು ಮುಷ್ಕರ. ಸುಮ್ಮನೆ ಮಾರ್ಸೇಯ್‌ನಲ್ಲೇ ಉಳಿಯಿರಿ, ೨೬೦೦ ವರ್ಷದ ಊರು, ಬೇಸರವಾಗುವುದಿಲ್ಲ. ಕೈಗಡಿಯಾರ ಹಡಗಿನ ಹೊತ್ತಿಗೆ ಇರಲಿ, ಅದು ಊರ ಹೊತ್ತಿಗೆ ಸರಿಯಿದೆಯೋ ಇಲ್ಲವೋ ಇಳಿಯುವಾಗ ನೋಡಿಕೊಳ್ಳಿ.

ಎಕ್ಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೋಡಿದವರೆಲ್ಲ ಬರೆದಿದ್ದಾರೆ. ಕ್ರಿಸ್ತಪೂರ್ವ ೧೨೨ರಲ್ಲಿ ರೋಮನರು ಬಿಸಿನೀರಿನ ಬುಗ್ಗೆಗಳನ್ನು ಕಂಡು ನೆಲೆಯೂರಿದ ಜಾಗ. ೧೪೦೯ರಿಂದ ವಿಶ್ವವಿದ್ಯಾಲಯವಿದೆ, ಬೀದಿ ತುಂಬ ನಮ್ಮ ವಯಸ್ಸಿನವರೇ. ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಕೂರ್ ಮಿರಾಬೋ ಎಂಬ ಸಾಲುಮರದ ಬೀದಿ. ಅದರ ನಡುವೆ ಪಾಚಿ ಕಟ್ಟಿ ಕಾರಂಜಿಯೋ ಪೊದೆಯೋ ತಿಳಿಯದಂತಾದ ಒಂದು ಕಾರಂಜಿಯಿದೆ. ಅದರ ನೀರು ಬುಗ್ಗೆಯದು, ಉಗುರುಬೆಚ್ಚಗೆ. ಅತ್ತೆ ಕೈಯಿಟ್ಟು ನೋಡಿ, “ಬಚ್ಚಲದಾಗ ಒಲಿ ಆರಿದ ಮ್ಯಾಲಿನ ನೀರಿನಂಗ ಅದ,” ಎಂದರು. ಬಾದಾಮಿ ಮತ್ತು ಸಕ್ಕರೆಪಾಕದಲ್ಲಿಟ್ಟ ಕರಬೂಜ ಸೇರಿಸಿ ಮಾಡುವ ‘ಕಾಲಿಸೋಂ’ ಇಲ್ಲಿನ ಹೆಸರಾದ ಮಿಠಾಯಿ. ಮೇಲಿನ ಬಿಳಿ ಪದರಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ. ಮಡಿಯವರು ಕೇಳಿಕೊಂಡು ತಿನ್ನಬೇಕು. ಅತ್ತೆ ತಿನ್ನಲಿಲ್ಲ, ಮಾವ ಕೇಳಲಿಲ್ಲ. ಚಿತ್ರಕಾರ ಪಾಲ್ ಸೆಝಾನ್ ೧೮೩೯ರಲ್ಲಿ ಹುಟ್ಟಿದ್ದೂ ೧೯೦೬ರಲ್ಲಿ ತೀರಿಕೊಂಡದ್ದೂ ಈ ಊರಿನಲ್ಲಿ. ಅವನು ಮತ್ತೆ ಮತ್ತೆ ಬರೆದ ಸ್ಯಾಂತ್ ವಿಕ್ತ್ವಾರ್ ಬೆಟ್ಟ ಬೀದಿಯ ಸಂದಿಯಿಂದ ಕಾಣುವುದಿಲ್ಲ, ಲೋವ್ ಗುಡ್ಡ ಏರಬೇಕು. ಮೂರು ಮುಕ್ಕಾಲು ತಾಸಿನಲ್ಲಿ ಒಂದೋ ಗುಡ್ಡ, ಒಂದೋ ಸಂತೆ ಮತ್ತು ಊಟ. ನಾವು ಸಂತೆಗೆ ಹೋದೆವು. ೨-೧೫ರ ಬದಲು ೨ ಗಂಟೆಗೇ ಬಸ್ಸಿನಲ್ಲಿ ಕೂತಿದ್ದೆವು, ಮಾವನ ದೆಸೆಯಿಂದ.

ಕಾಗದಪತ್ರದ ಮಾತು ಬಿಡುವ ಹಾಗಿಲ್ಲ. ನಮ್ಮ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾ ಬೇಕು. ಹಡಗು ನಡುವೆ ಆ ದೇಶಗಳ ಗುಂಪಿನಿಂದ ಹೊರಗಿನ ಬಂದರಕ್ಕೆ, ಉದಾಹರಣೆಗೆ ಟ್ಯುನಿಸಿಗೆ, ಹೋಗಿಬರುವುದಿದ್ದರೆ ಹಲವು ಸಲ ಒಳಬರುವ ವೀಸಾ ಬೇಕು. ಹಡಗು ತಪ್ಪಿದವನು ಮುಂದಿನ ಬಂದರಕ್ಕೆ ಸ್ವಂತ ಖರ್ಚಿನಲ್ಲಿ ಹೋಗಬೇಕು. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುವುದರಿಂದ ಅದರ ನಕಲು, ಮತ್ತು ಹಡಗಿನ ದಿನಪತ್ರಿಕೆಯಲ್ಲಿ ಅಚ್ಚಾಗುವ ಬಂದರದ ಏಜೆಂಟರ ಫೋನ್ ನಂಬರು ಕಿಸೆಯಲ್ಲಿರಲಿ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಮಂಗಳೂರಿನ ಕಡೆಯವನು. ನಾವು ಕನ್ನಡ ಮಾತಾಡುವುದು ಕೇಳಿ ತಾನೇ ಮಾತಿಗೆ ಬಂದ. ಎಕ್ಸ್ ಹೇಗಿದೆ ಎಂದು ನನ್ನನ್ನೇ ಕೇಳಿದ. “ಈ ಬಂದರಕ್ಕೆ ಎಷ್ಟೋ ಸಲ ಬಂದದ್ದುಂಟು ಮಾರಾಯ್ರೆ, ಆ ಊರು ನೋಡ್ಲಿಕ್ಕೆ ಆಗ್ಲಿಲ್ಲ.” ಬಿಡುವು ಸಿಗದೆ ಎಂದುಕೊಂಡೆ. ಬಿಡುವಿನದಷ್ಟೇ ಅಲ್ಲ. ಶೆಂಗೆನ್ ಗಡಿಯ ನಿಯಮದಂತೆ ವೀಸಾ ಇಲ್ಲದ ಹಡಗಿನ ನೌಕರರು ದಡಕ್ಕಿಳಿದರೆ ಬಂದರದ ಊರು ಮತ್ತು ಅದಕ್ಕೆ ಗಡಿ ತಾಗಿದ ಊರುಗಳಲ್ಲಿ ಮಾತ್ರ ತಿರುಗಾಡಬಹುದು. ಎಕ್ಸ್‌ನ ಗಡಿ ಮಾರ್ಸೇಯ್‌ಗೆ ತಾಗುವುದಿಲ್ಲ. ನಾಲ್ಕು ತಾಸು ರಜೆ ಸಿಕ್ಕಿದರೂ ಅವನು ಅತ್ತ ಹೋಗುವಂತಿಲ್ಲ. ನಮ್ಮ ಕಾಲೇಜಿನಿಂದಲೂ ಹಡಗಿನ ಕೆಲಸಕ್ಕೆ ಅರ್ಜಿ ಹಾಕುವವರಿದ್ದಾರೆ. ಅವರು ಈ ನಿಯಮ ತಿಳಿದಿರಬೇಕು.

ಅಂಥವರಿಗೆ ಕಸೀ ಎಂಬ ಪುಟ್ಟ ಮೀನುಗಾರರ ಪಟ್ಟಣವಿದೆ, ಮಾರ್ಸೇಯ್‌ಗೆ ಗಡಿ ತಾಗಿದ್ದು, ಸ್ಯಾಂ ಶಾರ್ಲ್‌ನಿಂದ ರೈಲಿನಲ್ಲಿ ಅರ್ಧ ತಾಸಿನೊಳಗೆ. ತೊಡಕೆಂದರೆ ನಿಲ್ದಾಣದಿಂದ ಕಡಲ ದಂಡೆ ಮೂರು ಕಿಲೋಮೀಟರು ಇಳಿಜಾರು. ಹೋಗುವಾಗ ಸುಲಭ, ಬರುವಾಗ ಏರು. ಅದಕ್ಕಿಂತ ಹತ್ತಿರ ಲೆಸ್ತಾಕ್, ಮಾರ್ಸೇಯ್ ಊರಿನದೇ ಭಾಗ. ಬಂದರದ ಗೇಟಿನ ಹೊರಗೆ ಅದೇ ೩೫ರ ಬಸ್ಸನ್ನು ಎದುರು ದಿಕ್ಕಿಗೆ ಹತ್ತಿದರಾಯಿತು. ಸೆಝಾನ್ ಎಕ್ಸ್ ಬಿಟ್ಟು ಬಂದು ಈ ಕಡಲನ್ನೂ ಈ ಹೆಂಚಿನ ಮನೆಗಳನ್ನೂ ಹಲವು ಸಲ ಚಿತ್ರಿಸಿದ್ದಾನೆ. ದಂಡೆಯ ಗೂಡಂಗಡಿಗಳಲ್ಲಿ ‘ಪಾನಿಸ್’ ಕರಿದು ಕೊಡುತ್ತಾರೆ. ಕಡಲೆ ಹಿಟ್ಟನ್ನು ನೀರಲ್ಲಿ ತೊಳಸಿ ಬೇಯಿಸಿ, ಆರಿಸಿ ಕೊಯ್ದು, ಎಣ್ಣೆಯಲ್ಲಿ ಕರಿದದ್ದು. ನಮ್ಮ ಝುಣಕದ ವಡಿಯ ದೂರದ ತಂಗಿ, ಖಾರ ಮಾತ್ರ ಇಲ್ಲ. ಹುಡುಗ ಅದನ್ನು ಆಗಲೇ ತಿಂದಿದ್ದ. ಬಿಸಿಬಿಸಿ ತಿನ್ನಬೇಕಂತೆ, ಆರಿದರೆ ತೊಗಲು.