ಬಾಟಲಿಯಲ್ಲಿ ಬಂದ ಉಪವಾಸ

ದಿನವಿಡೀ ನಿರಾಹಾರ ಉಪವಾಸ ಮಾಡಿದವರ ಉಸಿರಿಗೆ ಒಂದು ಬಗೆಯ ವಾಸನೆ ಬರುವುದನ್ನು ನೀವು ಗಮನಿಸಿರಬಹುದು. ಅದರಲ್ಲಿ ಅಸಿಟೋನ್‌ನ ಪಾಲಿದೆ. ಉಗುರಿನ ಬಣ್ಣ ಅಳಿಸುವ ದ್ರವದಲ್ಲಿ ಇರುತ್ತದಲ್ಲ, ಅದೇ! ಊಟವಿಲ್ಲದೆ ಗ್ಲೂಕೋಸ್ ಕಡಿಮೆಯಾದಾಗ ದೇಹ ತನ್ನ ಕೊಬ್ಬಿನ ಉಗ್ರಾಣದ ಬಾಗಿಲು ತೆರೆಯುತ್ತದೆ. ಆ ಕೊಬ್ಬಿನಿಂದ ಯಕೃತ್ತು ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೊದಲನೆಯದು ಒಡೆದಾಗ ಹುಟ್ಟುವುದೇ ಅಸಿಟೋನ್.

ಒಂದು ಕಾಲಕ್ಕೆ ಕೀಟೋನ್ ಎಂದರೆ ವೈದ್ಯರಿಗೆ ಮೊದಲು ನೆನಪಾಗುತ್ತಿದ್ದುದು ಮಧುಮೇಹಿಗಳ ಮೂತ್ರಪರೀಕ್ಷೆ. 1967ರಲ್ಲಿ ಬಾಸ್ಟನ್ನಿನ ಜಾರ್ಜ್ ಕ್ಯಾಹಿಲ್, ಆಲಿವರ್ ಓವೆನ್ ಮತ್ತು ಸಂಗಡಿಗರು ಅದರ ಇನ್ನೊಂದು ಮುಖ ತೋರಿಸಿದರು. ಐದಾರು ವಾರ ಆಹಾರವಿಲ್ಲದೆ ಚಿಕಿತ್ಸೆಯಲ್ಲಿದ್ದ ಮೂವರು ಸ್ಥೂಲಕಾಯರ ಮಿದುಳಿಗೆ ಹೋಗುವ, ಅಲ್ಲಿಂದ ಮರಳುವ ರಕ್ತವನ್ನು ಅವರು ಹೋಲಿಸಿ ನೋಡಿದರು. ಮಿದುಳು ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೀಟೋನ್‌ಗಳಿಂದಲೇ ಪಡೆಯುತ್ತಿತ್ತು. ಗ್ಲೂಕೋಸ್ ಬಿಟ್ಟರೆ ಮಿದುಳಿಗೆ ಬೇರೆ ಗತಿಯಿಲ್ಲ ಎಂಬ ಪಾಠವನ್ನು ತಿದ್ದಬೇಕಾಯಿತು.

ಹಾಗಾದರೆ ಉಪವಾಸದ ಕಷ್ಟವೇಕೆ, ಕೀಟೋನನ್ನೇ ಕುಡಿದರಾಗದೆ? ಅಮೆರಿಕದ ರಿಚರ್ಡ್ ವೀಚ್ ಮತ್ತು ಆಕ್ಸ್‌ಫರ್ಡಿನ ಕೀರನ್ ಕ್ಲಾರ್ಕ್ ಅಂಥದೊಂದು ಎಸ್ಟರ್ ತಯಾರಿಸಿದರು. ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ. (ರುಚಿಯಂತೂ ಕೇಳುವುದೇ ಬೇಡ, ಮಹಾ ಕಹಿ.) 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಕುಡಿದ ಸೈಕಲ್ ಪಟುಗಳು ಅರ್ಧ ಗಂಟೆಯಲ್ಲಿ ಶೇ 2ರಷ್ಟು ಹೆಚ್ಚು ದೂರ ಸಾಗಿದರು. ಮರುವರ್ಷ ಆಸ್ಟ್ರೇಲಿಯದಲ್ಲಿ ಬೇರೊಂದು ಬಗೆಯ ಕೀಟೋನ್ ಎಸ್ಟರ್ ಕುಡಿದವರು ಹೊಟ್ಟೆ ತೊಳಸಿ ಶೇ 2ರಷ್ಟು ನಿಧಾನವಾದರು!

ಸಕ್ಕರೆಯ ಕಥೆ ಇನ್ನೂ ಸ್ವಾರಸ್ಯದ್ದು. 2018ರಲ್ಲಿ ಕೆನಡಾದ ಸಂಶೋಧಕರು ಆರೋಗ್ಯವಂತ ಯುವಜನರಿಗೆ ಮೊದಲು ಎಸ್ಟರ್, ಅರ್ಧ ಗಂಟೆಯ ನಂತರ ಗ್ಲೂಕೋಸ್ ನೀರು ಕುಡಿಸಿದರು. ರಕ್ತದ ಸಕ್ಕರೆ ಎಂದಿನಷ್ಟು ಏರಲಿಲ್ಲ. ಮಧುಮೇಹಕ್ಕೆ ಮದ್ದು ಸಿಕ್ಕಿತೆಂದು ಹಿಗ್ಗುವಂತಿಲ್ಲ. ಇದು ಒಂದು ಹೊತ್ತಿನ ಪರೀಕ್ಷೆ. ಅಲ್ಲೇ ಇನ್ನೊಂದು ಸಂಗತಿಯೂ ಕಂಡಿತು: ರಕ್ತದಲ್ಲಿದ್ದ ಕೊಬ್ಬಿನ ಆಮ್ಲಗಳೂ ಇಳಿದವು. ಅಂದರೆ ಹೊರಗಿನಿಂದ ಇಂಧನ ಬಂತೆಂದು ದೇಹ ತನ್ನ ಉಗ್ರಾಣಕ್ಕೆ ಬೀಗ ಜಡಿಯಿತು.

‘ಕೊಬ್ಬು ಕರಗಿಸುವ ಪೇಯ’ ಎಂಬ ಜಾಹೀರಾತು ಜಾರುವುದು ಇಲ್ಲಿಯೇ. ಉಪವಾಸದಲ್ಲಿ ಕೀಟೋನ್ ಏರಿದರೆ ಅದು ಕೊಬ್ಬು ಖರ್ಚಾದ ಲೆಕ್ಕ. ಬಾಟಲಿ ಕುಡಿದು ಏರಿದರೆ ಅದು ಕುಡಿದದ್ದರ ಲೆಕ್ಕ ಅಷ್ಟೆ. ಅದರಲ್ಲೂ ಕ್ಯಾಲೊರಿ ಉಂಟು. ಲವಣರೂಪದ ಪುಡಿಗಳಲ್ಲಿ ಎಷ್ಟೋ ವೇಳೆ ಸೋಡಿಯಂ ಬೇರೆ ಇರುತ್ತದೆ. ಪರೀಕ್ಷೆಯ ಕಾಲದಲ್ಲಿ ಮಕ್ಕಳ ಮಿದುಳು ಚುರುಕಾಗಲೆಂದು ಇದನ್ನು ತರಲು ಹೊರಡುವ ಪೋಷಕರಿಗೆ ಒಂದು ಮಾತು: ಹೊತ್ತಿಗೆ ಸರಿಯಾಗಿ ಉಂಡ ವಿದ್ಯಾರ್ಥಿಯ ಮಿದುಳಿಗೆ ಇಂಧನದ ಬರ ಇರುವುದಿಲ್ಲ.

ಟೈಪ್ 1 ಮಧುಮೇಹವಿರುವ ಮಕ್ಕಳ ವಿಷಯದಲ್ಲಂತೂ ಈ ಪ್ರಯೋಗ ಕೂಡದು. ಇನ್ಸುಲಿನ್ ಸಾಲದಾದಾಗ ಅವರಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.